ಊರಿನ ಅಂಗಳದ ಮದುವೆ: ಬೇಸಿಗೆಯ ಬೆಳಕು ಮತ್ತು ಛಾಯಾಚಿತ್ರಣ

ಬೇಸಿಗೆ ಬಂತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಸಡಗರ ತೊಡಗುತ್ತದೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಊರಿನಲ್ಲಿ ಗದ್ದೆಯ ಕೆಲಸಕ್ಕೆ ಬಿಡುವಿರುತ್ತದೆ, ಮಳೆಗಾಲ ಇನ್ನೂ ದೂರವಿರುತ್ತದೆ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಮದುವೆಗಳು ಒತ್ತೊತ್ತಾಗಿ ಬರುವುದಕ್ಕೆ ಪಂಚಾಂಗದಂತೆಯೇ ಇವೂ ಕಾರಣಗಳು. ಕಲ್ಯಾಣ ಮಂಟಪಗಳು ಬಂದ ಮೇಲೆ ಮನೆಯಂಗಳದ ಮದುವೆ ಅಪರೂಪವಾಗಿತ್ತು. 2020ರ ಲಾಕ್‌ಡೌನ್ ಕಾಲದಲ್ಲಿ ಮದುವೆಗೆ ಐವತ್ತು ಜನರ ಮಿತಿ ವಿಧಿಸಿದಾಗ ಅನೇಕ ಕುಟುಂಬಗಳು ಮತ್ತೆ ಊರಿನ ಅಂಗಳಕ್ಕೆ ಮರಳಿದವು. ಆ ನಿರ್ಬಂಧ ಹೋದ ಮೇಲೂ ಚಿಕ್ಕದಾಗಿ, ಹಿರಿಯರು ಬಾಳಿದ ಮನೆಯ ಮುಂದೆಯೇ ಮದುವೆ ಮಾಡಬೇಕೆಂಬ ಆಸೆ ಕೆಲವರಲ್ಲಿ ಉಳಿದಿದೆ.

ಇಂಥ ಮದುವೆಯ ಛಾಯಾಚಿತ್ರಣದ ಕುರಿತು ನಾಲ್ಕು ಮಾತು ಹೇಳುವುದಕ್ಕೆ ನಮಗೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಕಾರ್ಕಳ ಕಡೆಯ ನಮ್ಮ ಮೂಲಮನೆಯಲ್ಲಿ ಎಂಬತ್ತು ಜನರ ಒಂದು ಮದುವೆ ನಡೆಯಿತು. ಛಾಯಾಗ್ರಾಹಕರು ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆದರು. ಆ ವರ್ಷದ ಮಳೆಗಾಲದಲ್ಲಿ ಮನೆಯ ಹಿರಿಯ ಜೀವವಾದ ನಮ್ಮ ಅಜ್ಜಿ ತೀರಿಕೊಂಡರು. ಗೋಡೆಯ ಮೇಲಿಡಲು ಅವರದೊಂದು ಮುಖ ಬೇಕೆಂದು ಎಲ್ಲ ಚಿತ್ರಗಳನ್ನೂ ಹುಡುಕಿದೆವು. ಒಂದು ಚಿತ್ರದ ಅಂಚಿನಲ್ಲಿ, ದೀಪ ಹಿಡಿದವನ ತೋಳಿನ ಮರೆಯಲ್ಲಿ, ಅವರ ಅರ್ಧ ಮುಖ ಸಿಕ್ಕಿತು. ಅದೂ ನೆರಳಿನಲ್ಲಿ ಕಪ್ಪಾಗಿತ್ತು. ತಪ್ಪು ಛಾಯಾಗ್ರಾಹಕರದಲ್ಲ. ಅಜ್ಜಿ ಯಾರೆಂದು ಅವರಿಗೆ ನಾವು ಹೇಳಿರಲಿಲ್ಲ. ಅಂಗಳದ ಬೆಳಕು ಎಂಥದೆಂದು ನಮಗೂ ತಿಳಿದಿರಲಿಲ್ಲ.

ನಡುಹಗಲಿನ ಬಿಸಿಲು

ಮೊದಲು ಬೆಳಕಿನ ವಿಚಾರ. ಉಡುಪಿ, ಮಂಗಳೂರು ಪ್ರದೇಶದಲ್ಲಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯನು ಮಧ್ಯಾಹ್ನ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ನಿಂತವರ ನೆರಳು ಅವರ ಕಾಲಡಿಯಲ್ಲೇ ಅಡಗುತ್ತದೆ. ಈ ಭಾಗದಲ್ಲಿ ಸೂರ್ಯನು ಅತಿ ಎತ್ತರಕ್ಕೆ ಏರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12.30ಕ್ಕೆ. ನಮ್ಮ ಲಗ್ನಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವ ಅಭಿಜಿನ್ ಸುಮುಹೂರ್ತವು ಇದೇ ನಡುಹಗಲನ್ನು ಆಧರಿಸಿದ್ದು. ಅಂದರೆ ಮದುವೆಯ ಅತಿ ಮುಖ್ಯ ಗಳಿಗೆಯೂ ಛಾಯಾಚಿತ್ರಣಕ್ಕೆ ಅತಿ ಕಠಿಣವಾದ ಗಳಿಗೆಯೂ ಒಂದೇ ಆಗಿರುತ್ತವೆ. ಬಯಲಿನಲ್ಲಿ ಆಗ ತೆಗೆದ ಚಿತ್ರದಲ್ಲಿ ಹಣೆ, ಮೂಗು ಬೆಳ್ಳಗೆ ಹೊಳೆಯುತ್ತವೆ, ಕಣ್ಣುಗಳು ಗುಳಿಯೊಳಗೆ ಮುಳುಗುತ್ತವೆ.

ಚಪ್ಪರದ ಕೆಳಗೆ ತೊಂದರೆ ಬೇರೆ ಬಗೆಯದು. ಒಳಗೆ ತಂಪಾದ ನೆರಳಿದ್ದರೂ ವಧೂವರರ ಹಿಂದೆ ಬಿಸಿಲಿಗೆ ಉರಿಯುವ ಅಂಗಳ ಕಾಣುತ್ತಿರುತ್ತದೆ. ಕ್ಯಾಮರಾ ತಾನಾಗಿಯೇ ಬೆಳಕನ್ನು ಅಳೆಯುವಾಗ ಆ ಹೊಳಪಿಗೆ ಮೋಸಹೋಗಿ ಮುಖಗಳನ್ನು ಕಪ್ಪಾಗಿಸುತ್ತದೆ. ಮೊಬೈಲ್ ಆಗಲಿ, ದೊಡ್ಡ ಕ್ಯಾಮರಾ ಆಗಲಿ, ಬೆಳಕನ್ನು ಮುಖದ ಮೇಲೆ ಅಳೆಯುವಂತೆ ಮಾಡಬೇಕು. ಅದಕ್ಕಿಂತ ಸುಲಭವಾದ ಉಪಾಯವೆಂದರೆ ಮಂಟಪದ ಹಿಂಬದಿಗೆ ಹೆಣೆದ ಮಡಲಿನ ತಟ್ಟಿಯನ್ನು ಆಳೆತ್ತರಕ್ಕೆ ಕಟ್ಟಿಸುವುದು. ಹಿಂದಿನ ಹೊಳಪು ಮರೆಯಾಗುತ್ತದೆ, ಚಿತ್ರಕ್ಕೆ ಊರಿನದೇ ಆದ ಹಿನ್ನೆಲೆಯೂ ದೊರೆಯುತ್ತದೆ.

ಸೋಗೆಯ ಚಪ್ಪರದ ಸಂದುಗಳಿಂದ ಇಳಿಯುವ ಬಿಸಿಲ ಚುಕ್ಕೆಗಳು ಕಣ್ಣಿಗೆ ಚೆಂದ. ಆದರೆ ವಧುವಿನ ಕೆನ್ನೆಯ ಮೇಲೆ ಬಿದ್ದಾಗ ಚಿತ್ರವನ್ನು ಕೆಡಿಸುತ್ತವೆ. ಮಂಟಪದ ಮೇಲ್ಭಾಗಕ್ಕೆ ಮಾತ್ರ ಇನ್ನೊಂದು ಪದರ ಸೋಗೆ ಹೊದಿಸಿದರೆ ಸಾಕು. ಇದನ್ನು ಹಿಂದಿನ ದಿನ ಅದೇ ಹೊತ್ತಿಗೆ ಅಲ್ಲಿ ಯಾರನ್ನಾದರೂ ಕುಳ್ಳಿರಿಸಿ ನೋಡಿಕೊಳ್ಳಬಹುದು. ಒಂದು ದಿನದಲ್ಲಿ ಸೂರ್ಯನ ದಾರಿ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ.

ಬಣ್ಣದ ಶಾಮಿಯಾನ ಹಾಕುವವರು ಇನ್ನೊಂದನ್ನು ನೆನಪಿಡಬೇಕು. ಬಟ್ಟೆಯನ್ನು ಹಾದು ಬರುವ ಬೆಳಕು ಬಟ್ಟೆಯ ಬಣ್ಣವನ್ನೇ ಹೊತ್ತು ತರುತ್ತದೆ. ಕೆಂಪು ಬಟ್ಟೆಯ ಕೆಳಗೆ ಬಿಳಿ ಪಂಚೆಯೂ ಕೆಂಪು, ನೀಲಿ ಟಾರ್ಪಾಲಿನ ಕೆಳಗೆ ಅರಸಿನ ಹಚ್ಚಿದ ಮುಖವೂ ಹಸಿರು ಎನಿಸುತ್ತದೆ. ಬಿಳಿ ಅಥವಾ ಕೋರಾ ಬಣ್ಣದ ಬಟ್ಟೆ ಮೇಲು. ಸಗಣಿ ಸಾರಿಸಿದ ನೆಲ ಬೆಳಕನ್ನು ಹೀರುವುದರಿಂದ, ಮಂಟಪದ ಮುಂದೆ ಬಿಳಿ ಬಟ್ಟೆಯೊಂದನ್ನು ಹಾಸಿದರೆ ಬೆಳಕು ಅದರಿಂದ ಮೇಲಕ್ಕೆ ಚಿಮ್ಮಿ ಬಾಗಿದ ಮುಖಗಳನ್ನು ಬೆಳಗುತ್ತದೆ.

ಜಗಲಿ ಮತ್ತು ಚಾವಡಿ

ಬೆಳಗ್ಗಿನ 6.30ರಿಂದ 8ರವರೆಗಿನ ಹೊತ್ತು ಅಂಗಳದಲ್ಲಿ ಚಿತ್ರ ತೆಗೆಯಲು ಅತ್ಯುತ್ತಮ. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ರಂಗೋಲಿ, ತೋರಣ, ತೆಂಗಿನಕಾಯಿ ತುರಿಯುವ ಕೈಗಳು, ಹೂ ಕಟ್ಟುವ ಹೆಂಗಸರು ಎಲ್ಲವೂ ಜೀವಂತವಾಗಿ ಮೂಡುತ್ತವೆ. ಸಂಜೆ ಐದರ ಮೇಲೆ ಇಂಥ ಬೆಳಕು ಮತ್ತೆ ಬರುತ್ತದೆ. ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತೂ ಅದೇ ಆದರೆ ಅದು ಭಾಗ್ಯ.

ಹಿರಿಯರ ಚಿತ್ರಗಳಿಗೆ ಜಗಲಿಯಷ್ಟು ಒಳ್ಳೆಯ ಜಾಗ ಬೇರೊಂದಿಲ್ಲ. ಮಾಡಿನ ನೆರಳಿನಲ್ಲಿ ಕುಳಿತು ಅಂಗಳದತ್ತ ಮುಖ ಮಾಡಿದವರ ಮೇಲೆ ಬಯಲಿನ ಬೆಳಕು ಮೃದುವಾಗಿ ಬೀಳುತ್ತದೆ. ಕಣ್ಣು ಕಿರಿದಾಗುವುದಿಲ್ಲ, ಸುಕ್ಕುಗಳು ಗಡುಸಾಗುವುದಿಲ್ಲ. ಹಂಚಿನ ಮನೆಗಳ ಒಳಗೆ ಬೆಳಕಿಗಾಗಿ ಅಲ್ಲಲ್ಲಿ ಗಾಜಿನ ಹಂಚು ಕೂರಿಸುವುದುಂಟು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಈ ಕೆಂಪು ಮಾಡುಗಳು ಊರೂರಿಗೆ ಹಬ್ಬಿದವು. ಚಾವಡಿಯಲ್ಲಿ ಗಾಜಿನ ಹಂಚಿನಿಂದ ಇಳಿಯುವ ಬೆಳಕಿನ ಕೋಲಿನ ಪಕ್ಕದಲ್ಲಿ ವಧುವನ್ನು ಅಲಂಕರಿಸಿದರೆ ಫ್ಲ್ಯಾಷ್‌ನ ಅಗತ್ಯವೇ ಬಾರದು. ಕತ್ತಲೆ ಹೆಚ್ಚೆನಿಸಿದರೆ ಐ.ಎಸ್.ಒ. ಅನ್ನು 1600 ಅಥವಾ 3200ಕ್ಕೆ ಏರಿಸಿಕೊಳ್ಳಬಹುದು. ಚಿತ್ರ ತುಸು ಒರಟಾದೀತು. ಆದರೆ ಮುಖದ ಮೇಲೆ ಬಡಿದ ಫ್ಲ್ಯಾಷ್‌ಗಿಂತ ಅದು ವಾಸಿ.

ಹವಾನಿಯಂತ್ರಿತ ಕಾರಿನಿಂದ ಕ್ಯಾಮರಾವನ್ನು ಕರಾವಳಿಯ ಸೆಕೆಗೆ ತಟ್ಟನೆ ಹೊರತೆಗೆದರೆ ಮಸೂರದ ಮೇಲೆ ಮಂಜು ಕಟ್ಟುತ್ತದೆ. ಚೀಲದಲ್ಲಿಯೇ ಅರ್ಧ ಗಂಟೆ ಇರಿಸಿ ಅನಂತರ ತೆಗೆಯಬೇಕು. ಬಿಸಿಲಿಗಿಟ್ಟ ಮೊಬೈಲ್ ಕಾದು ನಿಂತುಹೋಗುವುದೂ ಉಂಟು.

ಧಾರೆಯ ಗಳಿಗೆ

ಅಂತರಪಟ ಸರಿಯುವುದು, ಧಾರೆಯ ನೀರು ಕೈಗಳ ಮೇಲೆ ಇಳಿಯುವುದು, ಮಾಂಗಲ್ಯಧಾರಣೆ ಇವೆಲ್ಲ ಕೆಲವೇ ಕ್ಷಣಗಳ ಮಾತು. ಅದೇ ಹೊತ್ತಿಗೆ ಅಕ್ಷತೆ ಹಿಡಿದು ಎಲ್ಲರೂ ಎದ್ದು ನಿಲ್ಲುತ್ತಾರೆ, ಮೊಬೈಲುಗಳು ಮೇಲೇಳುತ್ತವೆ. ಆಗ ಪುರೋಹಿತರನ್ನು ತಡೆದು "ಇನ್ನೊಮ್ಮೆ" ಎನ್ನುವುದು ಕರ್ಮಕ್ಕೂ ಶೋಭೆಯಲ್ಲ, ಚಿತ್ರಕ್ಕೂ ಶೋಭೆಯಲ್ಲ. ಬೆಳಗ್ಗೆಯೇ ಪುರೋಹಿತರನ್ನು ಕಂಡು ಯಾವುದರ ಬಳಿಕ ಯಾವುದು, ಯಾರು ಎಲ್ಲಿ ನಿಲ್ಲುವರು ಎಂದು ಕೇಳಿ ತಿಳಿದುಕೊಂಡು, ಛಾಯಾಗ್ರಾಹಕರು ಮೊದಲೇ ಜಾಗ ಹಿಡಿದು ಕುಳಿತಿರಬೇಕು. ಮುಹೂರ್ತದ ಹತ್ತು ನಿಮಿಷ ಮೊಬೈಲುಗಳನ್ನು ಕೆಳಗಿಡಿರೆಂದು ಮನೆಯ ಹಿರಿಯರೊಬ್ಬರು ನಯವಾಗಿ ಹೇಳಿದರೆ ಚಿಕ್ಕ ಕೂಟದಲ್ಲಿ ಎಲ್ಲರೂ ಕೇಳುತ್ತಾರೆ.

ಮನೆಯವರ ಪಾಲಿನ ಕೆಲಸ

ಸಾವಿರ ಜನರ ಮದುವೆಯಲ್ಲಿ ಎಲ್ಲರ ಮುಖವನ್ನೂ ಹಿಡಿದಿಡುವುದು ಆಗದ ಮಾತು. ಎಂಬತ್ತು ಜನರ ಮದುವೆಯಲ್ಲಿ ಅದು ಖಂಡಿತ ಸಾಧ್ಯ. ಚಿಕ್ಕ ಮದುವೆಯ ದೊಡ್ಡ ಲಾಭ ಇದೇ. ಆದರೆ ಪರವೂರಿನ ಛಾಯಾಗ್ರಾಹಕರಿಗೆ ದೊಡ್ಡಪ್ಪ ಯಾರು, ಸೋದರಮಾವ ಯಾರು, ಮೂರು ದಿನದಿಂದ ಚಪ್ಪರ ಕಟ್ಟಿದವರು ಯಾರು ಎಂದು ತಿಳಿಯುವುದೆಂತು? ಆದುದರಿಂದ ಹಿಂದಿನ ದಿನವೇ ಒಂದು ಹೆಸರಪಟ್ಟಿಯನ್ನು ಬರೆದು, ಎಲ್ಲರನ್ನೂ ಬಲ್ಲ ಮನೆಯ ಹುಡುಗ ಅಥವಾ ಹುಡುಗಿಯೊಬ್ಬಳನ್ನು ಅವರ ಜೊತೆಗಿರಿಸಬೇಕು. ಹಿರಿಯರ ಚಿತ್ರಗಳು ಬೆಳಗ್ಗೆ ಎಂಟರೊಳಗೆ ಜಗಲಿಯಲ್ಲಿ ಮುಗಿಯಬೇಕು. ಊಟದ ಬಳಿಕ ನೋಡೋಣವೆಂದರೆ ಅವರು ದಣಿದಿರುತ್ತಾರೆ, ಕೆಲವರು ಹೊರಟೂ ಹೋಗಿರುತ್ತಾರೆ. ಅಡುಗೆಯವರನ್ನೂ, ನೆರೆಮನೆಯವರನ್ನೂ, ಬಾವಿಕಟ್ಟೆ, ಕೊಟ್ಟಿಗೆ, ಪತ್ತಾಯಗಳನ್ನೂ ಪಟ್ಟಿಯಲ್ಲಿ ಸೇರಿಸಬೇಕು. ಪಾಲಾಗುವ ಮನೆ ನಾಳೆ ಹೇಗಿರುವುದೋ ಬಲ್ಲವರಾರು?

ಕೊನೆಗೆ, ತೆಗೆದ ಚಿತ್ರಗಳನ್ನು ಉಳಿಸಿಕೊಳ್ಳುವ ಮಾತು. 2000ದ ದಶಕದಲ್ಲಿ ಮದುವೆಯ ಚಿತ್ರಗಳನ್ನು ಸಿ.ಡಿ.ಯಲ್ಲಿ ಪಡೆದವರ ಮನೆಗಳಲ್ಲಿ ಇಂದು ಅದನ್ನು ಓದುವ ಯಂತ್ರವೇ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳುಹಿಸಿದ ಚಿತ್ರ ಗಾತ್ರ ಕುಗ್ಗಿಯೇ ಬರುತ್ತದೆ. ಆದುದರಿಂದ ಮೂಲ ಚಿತ್ರಗಳ ಎರಡು ಪ್ರತಿಗಳನ್ನು ಒಂದೇ ವಾರದೊಳಗೆ ಮಾಡಿಸಿ, ಒಂದನ್ನು ಮುಂಬಯಿಯ ಮನೆಯಲ್ಲಿಯೂ ಇನ್ನೊಂದನ್ನು ಬೇರೆ ಊರಿನ ಬಂಧುಗಳಲ್ಲಿಯೂ ಇರಿಸಬೇಕು. ನಲವತ್ತು ಚಿತ್ರಗಳನ್ನಾದರೂ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಹೆಸರು, ಸಂಬಂಧ, ಊರು, ಇಸವಿಗಳನ್ನು ಪೆನ್ಸಿಲಿನಲ್ಲಿ ಬರೆದಿಡಬೇಕು. ಊರನ್ನು ರಜೆಯಲ್ಲಿ ಮಾತ್ರ ಕಾಣುವ ನಮ್ಮ ಮಕ್ಕಳಿಗೆ ಮುಂದೆ ಬಳಗದ ಗುರುತು ಸಿಗುವುದು ಆ ಬರಹದಿಂದಲೇ.

ಬರುವ ಬೇಸಿಗೆಯಲ್ಲಿ ಊರಿನಲ್ಲಿ ಮಂಗಲಕಾರ್ಯವನ್ನು ಇಟ್ಟುಕೊಂಡಿರುವ ಓದುಗ ಬಂಧುಗಳಿಗೆ ನಮ್ಮದು ಇಷ್ಟೇ ವಿನಂತಿ. ಹೆಸರಪಟ್ಟಿಯನ್ನು ಬರೆಯಲು ಕುಳಿತಾಗ ವಧೂವರರ ಹೆಸರಿಗಿಂತ ಮೊದಲು ಮನೆಯ ಅತಿ ಹಿರಿಯರ ಹೆಸರನ್ನು ಬರೆಯಿರಿ.