ಹಡಗಿನ ಪ್ರವಾಸ: ಖರ್ಚು ಮತ್ತು ಕಾಗದಪತ್ರ

ಕಾಫಿ ಕೊಯ್ಲು ಮುಗಿದು ಅಡಿಕೆ ಮಾರಾಟವಾದ ಮೇಲೆ ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಹಡಗಿನಲ್ಲಿ ಮೂರು ನಾಲ್ಕು ದಿನ ಸುತ್ತಿ ಬರುವ ರೂಢಿ ಈಗ ನಮ್ಮ ಬೆಳೆಗಾರ ಕುಟುಂಬಗಳಲ್ಲೂ ಕಾಣುತ್ತಿದೆ. ಹೋಗಬಾರದೆಂದಲ್ಲ. ಲೆಕ್ಕ ತಿಳಿದು ಹೋಗಬೇಕು.

ಜಾಹೀರಾತಿನ ದರ ಸಾಮಾನ್ಯವಾಗಿ ಕೋಣೆ ಮತ್ತು ಊಟದ್ದು ಮಾತ್ರ. ಬಂದರು ಶುಲ್ಕ, ತಲೆಗೆ ದಿನಕ್ಕಿಷ್ಟೆಂಬ ಸೇವಾ ಶುಲ್ಕ, ಊರು ನೋಡುವ ಖರ್ಚು ಬೇರೆ. ಎಲ್ಲ ಸೇರಿದ ಮೊತ್ತವನ್ನು ಬರಹದಲ್ಲಿ ಪಡೆದ ನಂತರವೇ ಮುಂಗಡ ಕೊಡಿರಿ. ಕಿಟಕಿಯಿಲ್ಲದ ಒಳಕೋಣೆ ಅಗ್ಗ. ಮಲಗುವುದಕ್ಕೆ ಅಷ್ಟು ಸಾಕು. ನಡುಸಮುದ್ರದಲ್ಲಿ ಮೊಬೈಲು ಹಡಗಿನ ಉಪಗ್ರಹ ಜಾಲಕ್ಕೆ ಸೇರಿದರೆ ಬಿಲ್ಲು ಬಹಳ ಏರುತ್ತದೆ. ಹಡಗು ಹೊರಡುವ ಮುಂಚೆ ಏರೋಪ್ಲೇನ್ ಮೋಡ್‌ಗೆ ಹಾಕಿಡುವುದು ಒಳ್ಳೆಯದು.

ನಿಜವಾದ ನಷ್ಟ ಆಗುವುದು ಕಾಗದಪತ್ರದಲ್ಲಿ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು. ಪಹಣಿಯಲ್ಲಿ ಇನಿಷಿಯಲ್, ಆಧಾರಿನಲ್ಲಿ ಮನೆತನದ ಹೆಸರು ಎಂಬುದು ನಮ್ಮಲ್ಲಿ ಮಾಮೂಲು. ಟಿಕೆಟಿನಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹೆಸರಿರತಕ್ಕದ್ದು. ಭಾರತೀಯರಿಗೆ ಸಿಂಗಪುರದ ವೀಸಾ ಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಹಡಗು ಪೆನಾಂಗಿಗೆ ಹೋಗಿ ಮರಳಿದರೆ ಸಿಂಗಪುರದ ಲೆಕ್ಕದಲ್ಲಿ ಅದು ಎರಡನೆಯ ಪ್ರವೇಶ. ಆದ್ದರಿಂದ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸುವ ವೀಸಾ ಇದೆಯೇ ಎಂದು ನೋಡಿಕೊಳ್ಳಿರಿ. ಇಲ್ಲದಿದ್ದರೆ ಹಡಗು ಹತ್ತಲು ಬಿಡದಿರಬಹುದು, ಕಟ್ಟಿದ ಹಣವೂ ಸಾಮಾನ್ಯವಾಗಿ ಮರಳುವುದಿಲ್ಲ. ನಡುವೆ ಸಿಗುವ ಬಂದರುಗಳ ದೇಶದ ನಿಯಮವನ್ನೂ ವಿಚಾರಿಸಬೇಕು. ನೀವು ಇಳಿಯದಿದ್ದರೂ ಕೆಲವೆಡೆ ವೀಸಾ ಕೇಳುತ್ತಾರೆ.

ಸಿಂಗಪುರದ ಆಗಮನ ಕಾರ್ಡನ್ನು ತಲುಪುವ ದಿನವೂ ಸೇರಿ ಮೂರು ದಿನದೊಳಗೆ ಅಂತರಜಾಲದಲ್ಲಿ ತುಂಬಬೇಕು. ಅದು ಉಚಿತ. ಸರ್ಕಾರದ್ದೆಂಬಂತೆ ಕಾಣುವ ಕೆಲವು ಜಾಲತಾಣಗಳು ಅದಕ್ಕೆ ಹಣ ಕೀಳುತ್ತವೆ, ಎಚ್ಚರ.

ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಒಂದು ದಿನ ಮುಂಚೆ ತಲುಪಿ ಸಾಧಾರಣ ಕೋಣೆಯಲ್ಲಿ ತಂಗುವ ಖರ್ಚನ್ನು ಉಳಿಸಲು ಹೋಗಬೇಡಿ.

ಇನ್ನೊಂದು ವಿಷಯವನ್ನು ಬೆಳೆಗಾರರಿಗೆ ಏಜೆಂಟರು ಹೇಳುವುದು ಅಪರೂಪ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು 2020ರ ಅಕ್ಟೋಬರಿನಿಂದ ಗಿರಾಕಿಯಿಂದ ಆದಾಯ ತೆರಿಗೆಯನ್ನು ಮೂಲದಲ್ಲೇ ವಸೂಲು ಮಾಡುತ್ತಾರೆ. ಪ್ಯಾನ್ ಕೊಡದಿದ್ದರೆ ದರ ಹೆಚ್ಚು. ಕೃಷಿ ಆದಾಯಕ್ಕೆ ಈ ತೆರಿಗೆ ಇಲ್ಲವೆಂದು ನಮ್ಮಲ್ಲಿ ಹಲವರು ರಿಟರ್ನ್ ಸಲ್ಲಿಸುವುದೇ ಇಲ್ಲ; ಹಣ ಅಲ್ಲೇ ಉಳಿಯುತ್ತದೆ. ಇತರ ಆದಾಯ ತೆರಿಗೆಯ ಮಿತಿಯೊಳಗಿದ್ದರೆ ಆ ವರ್ಷದ ರಿಟರ್ನ್ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದು. ಏಜೆಂಟರಿಂದ ವಸೂಲಿನ ಪ್ರಮಾಣಪತ್ರವನ್ನು ಕೇಳಿ ಪಡೆದು, ಬ್ಯಾಂಕಿನ ಖಾತೆಗೆ ಪ್ಯಾನ್ ಜೋಡಣೆಯಾಗಿದೆಯೇ ಎಂದೂ ನೋಡಿಕೊಳ್ಳಿರಿ.