ಅಂಗಾಲಿನಲ್ಲೊಂದು ಅಚ್ಚರಿಯ ಲೋಕ

ದೆಹಲಿಯ ಬಡಾವಣೆಗಳ ಉದ್ಯಾನಗಳಿಗೆ ಬೆಳಗ್ಗೆ ಬೇಗ ಹೋಗಿ ನೋಡಿ. ಹಲವು ಕಡೆ ಹುಲ್ಲುಹಾಸಿನ ಮಗ್ಗುಲಲ್ಲಿ ಸಿಮೆಂಟಿನಲ್ಲಿ ಗುಂಡುಕಲ್ಲು ನೆಟ್ಟ ಪುಟ್ಟ ಹಾದಿಯೊಂದು ಕಾಣುತ್ತದೆ. ಹಿರಿಯರು ಚಪ್ಪಲಿ ಕಳಚಿ, ಹಲ್ಲು ಕಚ್ಚಿಕೊಂಡು, ಹೆಜ್ಜೆ ಎಣಿಸುತ್ತ ಆ ಕಲ್ಲುಗಳ ಮೇಲೆ ನಡೆಯುತ್ತಾರೆ. ಅತ್ತ ಗುರುಗ್ರಾಮ, ನೋಯ್ಡಾಗಳ ಮಾಲುಗಳಲ್ಲಿ ಕಾಲೊತ್ತುವ ಕುರ್ಚಿಗಳು, ‘ಫುಟ್ ರಿಫ್ಲೆಕ್ಸಾಲಜಿ’ ಎಂಬ ಫಲಕಗಳು. ಇಷ್ಟು ದೊಡ್ಡ ಮಹಾನಗರ ಅಂಗಾಲಿನ ಮೇಲೆ ಇಷ್ಟೊಂದು ಭರವಸೆ ಇಟ್ಟಿದೆಯಲ್ಲ, ಅದರಲ್ಲಿ ಏನಿದೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ಒಂದು ಅಚ್ಚರಿಯ ಒಳಗೆ ಇನ್ನೊಂದು ತೆರೆದುಕೊಳ್ಳುತ್ತ ಹೋಗುತ್ತದೆ!

ರಿಫ್ಲೆಕ್ಸಾಲಜಿಯ ಮೂಲ ಕಲ್ಪನೆಯೇ ಬೆರಗು ಹುಟ್ಟಿಸುವಂಥದ್ದು. ಇಡೀ ದೇಹದ ಚಿತ್ರ ಪಾದದಲ್ಲಿ ಅಡಗಿದೆ ಎನ್ನುತ್ತದೆ ಅದು. ಕಾಲ್ಬೆರಳುಗಳೆಂದರೆ ತಲೆ, ಕಣ್ಣು, ಕಿವಿ. ಬೆರಳ ಬುಡದ ಉಬ್ಬು ಎಂದರೆ ಎದೆ, ಶ್ವಾಸಕೋಶ. ಪಾದದ ಒಳಅಂಚಿನುದ್ದಕ್ಕೂ ಬೆನ್ನುಮೂಳೆ, ನಡುವಿನ ಕಮಾನಿನಲ್ಲಿ ಹೊಟ್ಟೆ ಮತ್ತು ಮೂತ್ರಪಿಂಡ, ಹಿಮ್ಮಡಿಯಲ್ಲಿ ಸೊಂಟ. ಹೃದಯ ಎಡಪಾದದಲ್ಲಿ, ಯಕೃತ್ತು ಬಲಪಾದದಲ್ಲಿ. ಚಿಕಿತ್ಸಕರ ಹೆಬ್ಬೆರಳು ಕಂಬಳಿಹುಳು ಸರಿದಂತೆ ಮಡಚುತ್ತ ಬಿಚ್ಚುತ್ತ ಅಂಗುಲ ಅಂಗುಲವಾಗಿ ಪಾದದ ಮೇಲೆ ಮುಂದೆ ಸಾಗುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಈ ಒತ್ತುವ ಕೆಲಸ ನಡೆಯುತ್ತದೆ.

ಈ ನಕ್ಷೆಯನ್ನು ಬರೆದವರು ಯಾರು? ಹಲವರು ಪುರಾತನ ನಾಗರಿಕತೆಗಳತ್ತ ಕೈ ತೋರಿಸುತ್ತಾರೆ. ಈಜಿಪ್ಟಿನ ಸಕ್ಕಾರಾದಲ್ಲಿ ಅಂಖ್‌ಮಾಹೋರ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆ, ಕೈಕಾಲುಗಳಿಗೆ ಉಪಚಾರ ಮಾಡುತ್ತಿರುವವರ ಕೆತ್ತನೆ 4,000 ವರ್ಷಗಳಿಗೂ ಹಿಂದಿನಿಂದ ಉಳಿದಿದೆ. ಆದರೆ ಇಂದಿನ ನಕ್ಷೆ ಹುಟ್ಟಿದ್ದು ಅಮೆರಿಕದಲ್ಲಿ, ಅದೂ ಕಿವಿ-ಮೂಗು-ಗಂಟಲಿನ ವೈದ್ಯರೊಬ್ಬರ ಕೈಯಲ್ಲಿ! ವಿಲಿಯಂ ಫಿಟ್ಜೆರಾಲ್ಡ್ ಎಂಬುವರು ದೇಹವನ್ನು ತಲೆಯಿಂದ ಕಾಲಿನವರೆಗೆ ಹತ್ತು ಉದ್ದನೆಯ ಪಟ್ಟಿಗಳಾಗಿ ವಿಂಗಡಿಸಿದರು. ಒಂದು ಕಡೆ ಒತ್ತಿದರೆ ಅದೇ ಪಟ್ಟಿಯಲ್ಲಿರುವ ಇನ್ನೊಂದು ಕಡೆಯ ನೋವು ತಗ್ಗುತ್ತದೆ ಎಂಬುದು ಅವರ ವಾದ. 1917ರಲ್ಲಿ ಎಡ್ವಿನ್ ಬೋವರ್ಸ್ ಜೊತೆಗೂಡಿ ಅದನ್ನೇ ಪುಸ್ತಕವಾಗಿಸಿದರು. ಆ ಪಟ್ಟಿಗಳನ್ನು ಪಾದಕ್ಕೆ ಇಳಿಸಿ, ಒಂದೊಂದು ಅಂಗಕ್ಕೂ ಜಾಗ ಗುರುತಿಸಿದವರು ಯೂನಿಸ್ ಇಂಗಮ್. 1938ರಲ್ಲಿ ಅವರ ಪುಸ್ತಕ ಹೊರಬಂತು.

ಈಗ ನೋಡಿ ಎಂಥ ಕಾಕತಾಳೀಯ! ಅದಕ್ಕೆ ಒಂದೇ ವರ್ಷ ಮೊದಲು, 1937ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಸಂಗಡಿಗರು ಮತ್ತೊಂದು ನಕ್ಷೆಯನ್ನು ಲೋಕಕ್ಕೆ ತೋರಿಸಿದ್ದರು. ಎಚ್ಚರವಿರುವ ರೋಗಿಯ ಮಿದುಳಿನ ಮೇಲ್ಮೈಯನ್ನು ಸಣ್ಣ ವಿದ್ಯುತ್‌ನಿಂದ ಮುಟ್ಟಿದರೆ ರೋಗಿ ‘ತುಟಿ ಜುಮ್ಮೆಂದಿತು’, ‘ಹೆಬ್ಬೆರಳು ಜುಮ್ಮೆಂದಿತು’ ಎನ್ನುತ್ತಿದ್ದರು. ಹಾಗೆ ಕೇಳಿ ಕೇಳಿ ಗುರುತು ಹಾಕಿದಾಗ ಮಿದುಳಿನಲ್ಲಿ ದೇಹದ ನಕ್ಷೆಯೇ ಮೂಡಿತು. ಪಾದದ ಜಾಗ ಎಲ್ಲಿ ಗೊತ್ತೇ? ಮಿದುಳಿನ ಎಡ-ಬಲ ಭಾಗಗಳು ಎದುರುಬದುರಾಗುವ ಒಳಮಡಿಕೆಯಲ್ಲಿ. ಪಾದದಲ್ಲಿ ದೇಹದ ನಕ್ಷೆ ಇದೆ ಎಂಬುದನ್ನು ಇದುವರೆಗೆ ಯಾರೂ ಸಾಬೀತು ಮಾಡಿಲ್ಲ. ಮಿದುಳಿನಲ್ಲಿ ಪಾದದ ನಕ್ಷೆ ಇರುವುದಂತೂ ಕಂಡು ತಿಳಿದ ಸತ್ಯ!

ಆ ಪಾದವಾದರೂ ಎಂಥದ್ದು! ಮನುಷ್ಯನ 206 ಮೂಳೆಗಳಲ್ಲಿ 52 ಎರಡು ಪಾದಗಳಲ್ಲೇ ಇವೆ, ಎಂದರೆ ಕಾಲುಭಾಗ. ಅಂಗಾಲಿನ ಚರ್ಮದಡಿ ಬೇರೆ ಬೇರೆ ಬಗೆಯ ಸ್ಪರ್ಶಗ್ರಾಹಿಗಳು ಕಾದು ಕುಳಿತಿವೆ. ಒಂದಕ್ಕೆ ನಯವಾದ ಜಾರುವಿಕೆ ತಿಳಿಯುತ್ತದೆ, ಇನ್ನೊಂದಕ್ಕೆ ಒತ್ತಡ, ಮತ್ತೊಂದಕ್ಕೆ ಕಂಪನ, ಮಗದೊಂದಕ್ಕೆ ಚರ್ಮದ ಎಳೆತ. ಒತ್ತಿದ್ದನ್ನು ನಮ್ಮ ನರಕೋಶ ವಿದ್ಯುತ್ ಸಂಕೇತವಾಗಿ ಬದಲಿಸುವುದು ಹೇಗೆ ಎಂಬ ಗುಟ್ಟು 2010ರವರೆಗೆ ಬಯಲಾಗಿರಲಿಲ್ಲ. ಆ ವರ್ಷ ವಿಜ್ಞಾನಿ ಆರ್ಡೆಮ್ ಪಟಪೌಟಿಯನ್ ತಂಡ ‘ಪಿಯೆಜೊ’ ಎಂಬ ಪ್ರೋಟೀನುಗಳನ್ನು ಪತ್ತೆಹಚ್ಚಿತು. ಒತ್ತಡ ಬಿದ್ದೊಡನೆ ಬಾಗಿಲಿನಂತೆ ತೆರೆದು ಅಯಾನುಗಳನ್ನು ಒಳಬಿಡುವ ಪ್ರೋಟೀನುಗಳು ಇವು. 2021ರಲ್ಲಿ ಪಟಪೌಟಿಯನ್ ಅವರಿಗೆ, ಇನ್ನೊಬ್ಬ ವಿಜ್ಞಾನಿ ಡೇವಿಡ್ ಜೂಲಿಯಸ್ ಜೊತೆ, ನೊಬೆಲ್ ಬಂತು. ಮುಟ್ಟುವುದೆಂಬ ಸರಳ ಸಂಗತಿಯ ಒಳಗುಟ್ಟಿಗೆ ನೊಬೆಲ್!

ಹಾಗಾದರೆ ಪಾದ ಒತ್ತಿದರೆ ಕಾಯಿಲೆ ವಾಸಿಯಾಗುತ್ತದೆಯೇ? ಸಂಶೋಧಕ ಎಡ್ಜಾರ್ಡ್ ಅರ್ನ್‌ಸ್ಟ್ 2009ರಲ್ಲಿ ರಿಫ್ಲೆಕ್ಸಾಲಜಿಯ 18 ಪ್ರಯೋಗಗಳನ್ನು ಜಾಲಾಡಿ, ಯಾವ ಕಾಯಿಲೆಗೂ ಇದು ಮದ್ದೆಂಬುದಕ್ಕೆ ಮನವರಿಕೆಯಾಗುವ ಪುರಾವೆ ಇಲ್ಲವೆಂದರು. ಆದರೆ ಕಾಯಿಲೆ ಗುಣವಾಗುವುದು ಬೇರೆ, ಕಾಯಿಲೆಯ ನಡುವೆ ಜೀವಕ್ಕೆ ಹಾಯೆನಿಸುವುದು ಬೇರೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಗ್ವೆನ್ ವಯಟ್ ತಂಡ, ಸ್ತನ ಕ್ಯಾನ್ಸರ್ ಮುಂದುವರಿದ ಹಂತದಲ್ಲಿದ್ದ 385 ಮಹಿಳೆಯರ ಮೇಲೆ ನಡೆಸಿದ ಅಧ್ಯಯನವನ್ನು 2012ರಲ್ಲಿ ಪ್ರಕಟಿಸಿತು. ನೋವು, ವಾಕರಿಕೆ ತಗ್ಗಲಿಲ್ಲ. ಆದರೆ ರಿಫ್ಲೆಕ್ಸಾಲಜಿ ಪಡೆದವರಿಗೆ ಉಸಿರಾಟದ ಕಷ್ಟ ಕಡಿಮೆಯಾಯಿತು, ನಿತ್ಯದ ಓಡಾಟ ಸುಧಾರಿಸಿತು.

ಅದೇ ತಂಡದ 2017ರ ಅಧ್ಯಯನವಂತೂ ಮೈ ನವಿರೇಳಿಸುತ್ತದೆ. ಈ ಬಾರಿ ಪಾದ ಒತ್ತಿದವರು ವೃತ್ತಿಪರರಲ್ಲ. ರೋಗಿಯ ಮನೆಯವರು, ಸ್ನೇಹಿತರು! ಅವರಿಗೆ ವಿಧಾನ ಕಲಿಸಿ, ನಾಲ್ಕು ವಾರ, ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒತ್ತುವಂತೆ ಹೇಳಲಾಯಿತು. 256 ರೋಗಿಗಳಿದ್ದ ಆ ಪ್ರಯೋಗದಲ್ಲಿ ಒತ್ತಿಸಿಕೊಂಡವರ ಒಟ್ಟಾರೆ ಬಾಧೆ ಇಳಿಯಿತು, ನೋವೂ ತಗ್ಗಿತು. ಪ್ರೀತಿಯ ಕೈಗಳು ಕೊಡುವ ನೆಮ್ಮದಿ ಪ್ರಯೋಗದ ಅಂಕಿಗಳಲ್ಲಿ ಮೂಡಿಬಂತು!

ನಮ್ಮ ಮನೆಗಳಲ್ಲಿ ಇದು ಎಂದೂ ಹೊಸದಾಗಿರಲಿಲ್ಲ. ಅಜ್ಜಿ ಕಾಲು ಚಾಚಿ ಕುಳಿತು, ಎಳೆಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ ಪುಟ್ಟ ಪಾದಗಳನ್ನು ನೀವುತ್ತಾಳೆ. ದಣಿದು ಬಂದ ಹಿರಿಯರ ಕಾಲನ್ನು ಮೊಮ್ಮಕ್ಕಳು ಒತ್ತುತ್ತಾರೆ. ಪಾದಕ್ಕೆ ಎಣ್ಣೆ ತಿಕ್ಕಿದರೆ ಒರಟುತನ, ಬಿಗಿತ, ಜೋಮು, ದಣಿವು ಇಳಿಯುತ್ತವೆ ಎಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ತಲೆ, ಕಿವಿ, ಪಾದ ಈ ಮೂರಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಿ ಎಂದವನು ವಾಗ್ಭಟ.

ಬೆರಳುಗಳಿಗೆ ಎಷ್ಟು ಕಲಿಸಬಹುದು ಎಂಬುದಕ್ಕೂ ದೆಹಲಿಯಲ್ಲೇ ಸಾಕ್ಷಿಯಿದೆ. ಹೌಜ್ ಖಾಸ್‌ನ ಅಂಧ ಮಹಿಳೆಯರ ಕೇಂದ್ರದಲ್ಲಿ, ಜರ್ಮನಿಯ ಸ್ತ್ರೀರೋಗ ತಜ್ಞ ಫ್ರಾಂಕ್ ಹಾಫ್‌ಮನ್ ರೂಪಿಸಿದ ಕ್ರಮದಂತೆ, ಕಣ್ಣು ಕಾಣದ ಯುವತಿಯರು ಸ್ತನದ ಗಂಟುಗಳನ್ನು ಸ್ಪರ್ಶದಿಂದಲೇ ಗುರುತಿಸುವ ತರಬೇತಿ ಪಡೆದಿದ್ದಾರೆ. ಅವರು ಕಂಡದ್ದನ್ನು ವೈದ್ಯರು ಮುಂದೆ ಪರೀಕ್ಷಿಸುತ್ತಾರೆ. ಬೆರಳ ತುದಿ ಕಣ್ಣಾಗಬಲ್ಲದು!

ಪಾದ ಒತ್ತಿ ನೋಡಿ ರೋಗ ಹೇಳುತ್ತೇನೆ, ಮಾತ್ರೆ ಬಿಡಿ ಎನ್ನುವವರಿಂದ ಮಾತ್ರ ದೂರವಿರಿ. ಪೂರಕ ಚಿಕಿತ್ಸೆ ಎಂದರೆ ಔಷಧಿಯ ಜೊತೆಗೆ ನಡೆಯುವಂಥದ್ದು. ದೆಹಲಿಯ ಏಮ್ಸ್‌ನಲ್ಲಿ ಮೈಗ್ರೇನ್ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಯೋಗದ ಅಧ್ಯಯನ ಇದಕ್ಕೆ ಮಾದರಿ. ಅದನ್ನು ಮುಗಿಸಿದ 114 ಮಂದಿಯಲ್ಲಿ, ಬರೀ ಮಾತ್ರೆ ತೆಗೆದುಕೊಂಡವರಿಗಿಂತ ಮಾತ್ರೆಯ ಜೊತೆ ಯೋಗವನ್ನೂ ಮಾಡಿದವರಿಗೆ ತಲೆನೋವು ಹೆಚ್ಚು ಇಳಿಯಿತು.

ಸಕ್ಕರೆ ಕಾಯಿಲೆಯವರು ಇನ್ನಷ್ಟು ಜಾಗ್ರತೆ ವಹಿಸಬೇಕು. ಐಸಿಎಂಆರ್‌ನ 2023ರ ವರದಿಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ನರ ಸೋತ ಪಾದಕ್ಕೆ ಕಲ್ಲು ಚುಚ್ಚಿದ್ದೂ ತಿಳಿಯುವುದಿಲ್ಲ. ಅಂಥವರು ಗುಂಡುಕಲ್ಲಿನ ಹಾದಿಗೆ ಬರಿಗಾಲಲ್ಲಿ ಇಳಿಯಬಾರದು. ಪಾದಕ್ಕೆ ನೈಲಾನ್ ಎಳೆಯೊಂದನ್ನು ತಾಗಿಸಿ ಸ್ಪರ್ಶ ಉಳಿದಿದೆಯೇ ಎಂದು ವೈದ್ಯರು ನಿಮಿಷಗಳಲ್ಲಿ ಹೇಳಬಲ್ಲರು. ಕಾಲಿನ ರಕ್ತನಾಳದಲ್ಲಿ ಹೆಪ್ಪು, ಗಾಯ, ಮುರಿತ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಉಳಿದವರು ಇವತ್ತು ರಾತ್ರಿಯೇ ಶುರು ಮಾಡಬಹುದು. ಅಮ್ಮನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಹಿಮ್ಮಡಿಯಿಂದ ಬೆರಳಿನತ್ತ ಹೆಬ್ಬೆರಳನ್ನು ನಿಧಾನವಾಗಿ ಸರಿಸಿ, ನೋವಾದರೆ ಒತ್ತಡ ತಗ್ಗಿಸಿ, ಒಂದೊಂದು ಪಾದಕ್ಕೂ ಹದಿನೈದು ನಿಮಿಷ ಕೊಡಿ. ಯಾವ ಬಿಂದು ಯಾವ ಅಂಗದ್ದು ಎಂಬ ನಕ್ಷೆ ನಿಮಗೆ ಬಾಯಿಪಾಠವಾಗಬೇಕಿಲ್ಲ. ನಿಮ್ಮ ಕೈ ಅಲ್ಲಿದೆ ಎಂಬುದನ್ನು ಅಮ್ಮನ ಮಿದುಳು ಆ ಕ್ಷಣವೇ ಅರಿಯುತ್ತದೆ!