ಒಂಟಿಯಾಗಿ ವಿದೇಶಕ್ಕೆ: ಯಾವ ದೇಶ ಸುರಕ್ಷಿತ?

ಬೀದರ್: ಬೀದರ್, ಭಾಲ್ಕಿ ಅಥವಾ ಔರಾದ್‌ನಿಂದ ಮಹಿಳೆಯೊಬ್ಬರು ಒಂಟಿಯಾಗಿ ವಿದೇಶಕ್ಕೆ ಹೊರಟರೆ ಮನೆಯವರು ಮೊದಲು ಕೇಳುವುದು, ‘ಆ ದೇಶ ಸುರಕ್ಷಿತವೇ?’ ಎಂದು. ಉತ್ತರ ದೇಶದ ಹೆಸರಿನಲ್ಲಷ್ಟೇ ಇಲ್ಲ. ಪ್ರಯಾಣದ ಉದ್ದೇಶ ಹಾಗೂ ವೀಸಾದಲ್ಲಿಯೂ ಇದೆ.

ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಮಹಿಳೆ, ಶಾಂತಿ ಮತ್ತು ಭದ್ರತೆ ಸೂಚ್ಯಂಕದ 177 ದೇಶಗಳಲ್ಲಿ ಡೆನ್ಮಾರ್ಕ್ ಮೊದಲನೆಯದು, ಅಫ್ಘಾನಿಸ್ತಾನ ಕೊನೆಯದು. ಆದರೆ ಇಂತಹ ಪಟ್ಟಿ ಅಳೆಯುವುದು ಅಲ್ಲಿನ ನಿವಾಸಿ ಮಹಿಳೆಯರ ಸ್ಥಿತಿಗತಿಯನ್ನೇ ಹೊರತು ಪ್ರವಾಸಿಯ ಅನುಭವವನ್ನಲ್ಲ.

ದುಡಿಮೆಗೆ ತೆರಳುವವರಿಗೆ ಅಳತೆಗೋಲೇ ಬೇರೆ. ಹತ್ತನೇ ತರಗತಿ ತೇರ್ಗಡೆಯಾಗದವರಿಗೆ ಸಾಮಾನ್ಯವಾಗಿ ‘ಇಸಿಆರ್’ ಪಾಸ್‌ಪೋರ್ಟ್ ದೊರೆಯುತ್ತದೆ. 1983ರ ವಲಸೆ ಕಾಯ್ದೆಯಂತೆ ಅವರು ಸೌದಿ ಅರೇಬಿಯಾ, ಕುವೈತ್, ಒಮಾನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಮನೆಗೆಲಸಕ್ಕೆ ಹೋಗುವ ಮಹಿಳೆಗೆ ಕನಿಷ್ಠ 30 ವರ್ಷ ತುಂಬಿರಬೇಕು.

ಪ್ರವಾಸಿ ವೀಸಾಕ್ಕೆ ಈ ಅನುಮತಿ ಬೇಡ. ದಲ್ಲಾಳಿಗಳು ನುಸುಳುವುದು ಇಲ್ಲಿಯೇ. ‘ಮೊದಲು ಹೋಗಿ, ಕೆಲಸದ ವೀಸಾ ಆಮೇಲೆ’ ಎಂಬ ಮಾತು ನಂಬಿ ಹೋದವರಿಗೆ ನೋಂದಾಯಿತ ಕರಾರೂ ಇರುವುದಿಲ್ಲ, ಕಡ್ಡಾಯ ವಿಮೆಯೂ ಇರುವುದಿಲ್ಲ. ಸಂಬಳ ನಿಂತು ದೂರಲು ಹೋದರೆ ತಾವೇ ಅಕ್ರಮ ಕಾರ್ಮಿಕರೆನಿಸಿಕೊಳ್ಳುತ್ತಾರೆ.

ಆದ್ದರಿಂದ ಹಣ ಕೊಡುವ ಮುನ್ನ ಏಜೆಂಟರ ನೋಂದಣಿಯನ್ನು ಕೇಂದ್ರ ಸರ್ಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ಪರಿಶೀಲಿಸಬೇಕು. ಪಾಸ್‌ಪೋರ್ಟ್, ವೀಸಾ, ಕರಾರಿನ ಪ್ರತಿ ಹಾಗೂ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆ ಮನೆಯಲ್ಲಿರಲಿ. ತೊಂದರೆಯಾದಲ್ಲಿ ಕುಟುಂಬದವರು ಊರಿನಿಂದಲೇ ವಿದೇಶಾಂಗ ಸಚಿವಾಲಯದ ‘ಮದದ್’ ತಾಣದಲ್ಲಿ ದೂರು ದಾಖಲಿಸಬಹುದು.